ಡಿಸ್ಕಿನ ವಿಭಾಗಗಳ ಪೂರ್ವವೃತ್ತಾಂತ

1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು, ರೆನಾಲ್ಡ್ ಜಾನ್ಸನ್ನರ ನೇತೃತ್ವದಲ್ಲಿ ಸ್ಯಾನ್ ಹೊಸೆಯ ಪ್ರಯೋಗಶಾಲೆಯಲ್ಲಿ ಸಿದ್ಧವಾದ ರಾಮ್ಯಾಕ್ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ, ಅದರ ಡಿಸ್ಕಿನ ಎರಡು ಅಡಿ ವ್ಯಾಸದ 50 ತಟ್ಟೆಗಳು ಒಟ್ಟಾಗಿ ಧರಿಸಬಲ್ಲವಾಗಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ.

1983ರ ಐಬಿಎಂ ಪಿಸಿ ಎಕ್ಸ್‌ಟಿ ಎಂಬ ವೈಯಕ್ತಿಕ ಗಣಕದಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಬಂದಿತು; ಎ, ಬಿ ಎಂಬ ಅಕ್ಷರಗಳು ಫ್ಲಾಪಿಗಳಿಗೆ ಮೀಸಲಾಗಿದ್ದುದರಿಂದ ಅದಕ್ಕೆ ದೊರೆತದ್ದು ಸಿ. ಗಣಕವನ್ನು ನಡೆಸುತ್ತಿದ್ದ ಅಂದಿನ ಡಾಸ್ ವ್ಯವಸ್ಥೆಯು ಡಿಸ್ಕಿನ ಸೆಕ್ಟರುಗಳೆಂಬ ತಲಾ 512 ಬೈಟಿನ ತುಣುಕುಗಳನ್ನು 65,536ರವರೆಗೆ ಮಾತ್ರ ಎಣಿಸಬಲ್ಲದಾಗಿದ್ದು, ಒಂದು ವಿಭಾಗವು 32 ಮೆಗಾಬೈಟನ್ನು ಮೀರುವುದು ಅಸಾಧ್ಯವಾಗಿರಲು, ವಿಶಾಲವಾದ ಡಿಸ್ಕನ್ನು ಕೊಂಡವನು ಅದನ್ನು ಪೂರ್ಣವಾಗಿ ಉಪಯೋಗಿಸಲಾರದೆ ಹೋಗುತ್ತಿದ್ದನು. 1987ರ ಡಾಸ್ 3.3 ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ವಿಭಾಗಿಸಲು ಅನುವು ಮಾಡಿಕೊಟ್ಟಿತು. ಇಂದು ಅನೇಕರು ಅನುಕೂಲಕ್ಕೆಂದು ಭಾವಿಸುವ ಈ ವಿಭಜನೆಯ ಹಿಂದೆ ಇಂತಹ ಅನಿವಾರ್ಯತೆಯೂ ಇದ್ದಿತೆಂಬುದನ್ನು ನಾವು ಮರೆಯಲಾಗದು.

ಡಿಸ್ಕಿನಿಂದ ಕಡತಗಳನ್ನು ಅಳಿಸುವ ಕ್ರಮವೂ ಅಷ್ಟೇ ಗಮನಾರ್ಹವಾದುದು. ಡಾಸ್ ಕಡತವನ್ನು ಅಳಿಸುವಾಗ ಅದರ ವಿಷಯವನ್ನು ಮುಟ್ಟದೆ, ಸೂಚಿಯಲ್ಲಿ ಹೆಸರಿನ ಮೊದಲಕ್ಷರವನ್ನು ಬದಲಿಸಿ, ಅದು ಆಕ್ರಮಿಸಿದ್ದ ಸ್ಥಳ ತೆರವಾಯಿತೆಂದಷ್ಟೇ ದಾಖಲಿಸುತ್ತಿತ್ತು. ಪಹಣಿಯಲ್ಲಿ ಒಡೆಯನ ಹೆಸರನ್ನು ಹೊಡೆದುಹಾಕಿದರೂ ಹೊಲದ ಪೈರು ನಿಂತೇ ಇರುವಂತೆ, ಹೊಸ ಬರಹ ಬಂದು ಮುಚ್ಚುವವರೆಗೆ ಹಳೆಯದು ಅಲ್ಲಿಯೇ ಉಳಿಯುತ್ತಿತ್ತು. ಕಳೆದುಹೋದ ಕಡತಗಳನ್ನು ಮರಳಿ ಪಡೆಯುವ ಅನೇಕ ಉಪಾಯಗಳು ಹುಟ್ಟಿದ್ದು ಈ ಸಣ್ಣ ಔದಾರ್ಯದಿಂದಲೇ.

1995ರಲ್ಲಿ ವಿಂಡೋಸ್, ಅಳಿಸಿದ ಕಡತಗಳನ್ನು ಇರಿಸಿಕೊಳ್ಳುವ ರೀಸೈಕಲ್ ಬಿನ್ ಎಂಬ ಬುಟ್ಟಿಯನ್ನು ತಂದಿತು. ಸಿ ವಿಭಾಗ ತುಂಬಿತೆಂದು ಚಿಂತಿಸುವ ವಾಚಕರು ಮೊದಲು ಅದನ್ನು ತೆರೆದು ನೋಡಬೇಕು: ಬುಟ್ಟಿಯನ್ನು ಬರಿದುಮಾಡುವವರೆಗೆ ಅದರೊಳಗಿನ ಕಡತಗಳು ಡಿಸ್ಕಿನ ಸ್ಥಳವನ್ನು ಬಿಟ್ಟುಕೊಡುವುದಿಲ್ಲ.