ಪೆಟ್ಟಿಗೆ ಮೇಲೆ ಚಿತ್ರಾನೇ ಇಲ್ಲದ ಪಜಲ್ (ಭಾಗ 3)

ಸಾವಿರ ತುಂಡಿನ ಜಿಗ್‌ಸಾ ಕಷ್ಟ ಅಂತೀರಲ್ಲ, 1908ರ ಸುಮಾರಿಗೆ ಅಮೆರಿಕದಲ್ಲಿ ದೊಡ್ಡವರು ಜೋಡಿಸ್ತಿದ್ದ ಮರದ ಪಜಲ್ ಕಥೆ ಕೇಳಿ. ಪೆಟ್ಟಿಗೆ ಮೇಲೆ ಚಿತ್ರ ಇರ್ತಿರಲಿಲ್ಲ. ತುಂಡುಗಳು ಒಂದಕ್ಕೊಂದು ಕಚ್ಚಿಕೊಳ್ತಾನೂ ಇರಲಿಲ್ಲ. ಜೋರಾಗಿ ಸೀನಿದರೆ ಇಡೀ ಸಂಜೆಯ ಕೆಲಸ ಚೆಲ್ಲಾಪಿಲ್ಲಿ! 500 ತುಂಡಿನದಕ್ಕೆ 5 ಡಾಲರ್. ತಿಂಗಳ ಸಂಬಳವೇ 50ರ ಆಸುಪಾಸು ಇದ್ದ ಕಾಲ ಅದು. ದುಡ್ಡಿದ್ದವರ ಆಟ, ಬಿಡಿ.

1929ರಲ್ಲಿ ಷೇರುಪೇಟೆ ಕುಸೀತು. ಕೆಲಸ ಕಳ್ಕೊಂಡ ಎಷ್ಟೋ ಜನ ಮನೆಯಲ್ಲೇ ಗರಗಸ ಹಿಡಿದು ಪಜಲ್ ಕೊಯ್ದು ಮಾರಿದ್ರು, ಬಾಡಿಗೆಗೂ ಕೊಟ್ರು. ಅಚ್ಚೊತ್ತಿ ಕತ್ತರಿಸಿದ ರಟ್ಟಿನ ಪಜಲ್ 25 ಸೆಂಟಿಗೇ ಸಿಗೋಕೆ ಶುರುವಾಯ್ತು, ವಾರವಾರ ಹೊಸದು. 1933ರ ಆರಂಭದಲ್ಲಿ ವಾರಕ್ಕೆ 1 ಕೋಟಿ ಮಾರಾಟ!

ಊಟಕ್ಕೇ ಪರದಾಡೋವಾಗ ಇದಕ್ಯಾಕೆ ಖರ್ಚು ಅಂತೀರಾ? ಹೊರಗಡೆ ಸುತ್ತಾಟಕ್ಕಿಂತ ಇದೇ ಅಗ್ಗ. ಕೆಲಸ ಇಲ್ಲದ ಕೈಗೆ ಸಂಜೆಗೆ ಏನೋ ಒಂದು ಪೂರ್ತಿ ಆಗ್ತಿತ್ತು. ಮುಗಿದ ಮೇಲೆ ಬಿಚ್ಚಿ, ಪೆಟ್ಟಿಗೆಗೆ ಹಾಕಿ, ಗೆಳೆಯರ ಮನೆಗೆ ದಾಟಿಸೋದು.