ಪರಿಚಾರಕಲಕ್ಷಣವೂ ಔಷಧಪ್ರದಾನದ ಪ್ರಮಾದಗಳೂ

ರೋಗಿಯ ಸೇವೆಯನ್ನು ಹೇಳುವುದಕ್ಕೆ ಕನ್ನಡದಲ್ಲಿ ‘ಶುಶ್ರೂಷೆ’, ‘ಉಪಚಾರ’ ಎಂಬ ಎರಡು ಮಾತುಗಳು ಸಮಾನವಾಗಿ ಬಳಕೆಯಲ್ಲಿವೆ. ಆದರೆ ಇವುಗಳ ಮೂಲಾರ್ಥಗಳು ಒಂದೇ ಅಲ್ಲ. ಶುಶ್ರೂಷೆಯೆಂಬುದು ‘ಶ್ರು’ ಧಾತುವಿನ ಸನ್ನಂತರೂಪದಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೊದಲ ಅರ್ಥ; ಹಿರಿಯರ ಮಾತನ್ನು ಕೇಳಿ ನಡೆಯುವುದು, ಸೇವೆಮಾಡುವುದು ಎಂಬುವು ಆಮೇಲೆ ಬಂದವು. ಉಪಚಾರವಾದರೋ ಬಳಿಯಲ್ಲಿದ್ದು ನಡೆದುಕೊಳ್ಳುವ ಕ್ರಮ. ಅದರಿಂದಲೇ ಅದಕ್ಕೆ ಚಿಕಿತ್ಸೆಯೆಂಬ ಅರ್ಥವೂ ಉಂಟು. ಒಂದರಲ್ಲಿ ಆಜ್ಞಾಪಾಲನೆಯೂ ಮತ್ತೊಂದರಲ್ಲಿ ಕ್ರಮದ ಅರಿವೂ ಪ್ರಧಾನವಾಗಿರುವುವು. ಆಸ್ಪತ್ರೆಗಳಲ್ಲಿ ಔಷಧವನ್ನು ಕೊಡುವಾಗ ದಾದಿಯರಿಂದ ಸಂಭವಿಸುವ ಪ್ರಮಾದಗಳ ವಿಚಾರದಲ್ಲಿ ಈ ಅರ್ಥಭೇದವು ಕೇವಲ ಶಬ್ದಶಾಸ್ತ್ರದ ವಿಷಯವಾಗಿ ಉಳಿಯುವುದಿಲ್ಲ.

ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳು. ಪರಿಚಾರಕನ ಲಕ್ಷಣವನ್ನು ಆಯುರ್ವೇದದ ಮೂವರು ಆಚಾರ್ಯರೂ ಹೇಳಿರುವರು. ಆದರೆ ಮೂವರೂ ಒಂದೇ ಬಗೆಯಾಗಿ ಹೇಳಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಉಪಚಾರಜ್ಞತೆ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿವೆ. ಅವುಗಳಲ್ಲಿ ಜ್ಞಾನಕ್ಕೇ ಅಗ್ರಸ್ಥಾನ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಮೂವತ್ತನಾಲ್ಕನೆಯ ಅಧ್ಯಾಯದಲ್ಲಿ ಸ್ನೇಹ, ಹೇಸಿಗೆಪಡದಿರುವುದು, ಬಲ, ರೋಗಿಯ ರಕ್ಷಣೆಯಲ್ಲಿ ತತ್ಪರತೆ ಇವುಗಳೊಡನೆ ವೈದ್ಯನ ಮಾತಿನಂತೆ ಮಾಡುವಿಕೆ, ಬಳಲದಿರುವಿಕೆ ಎಂಬ ಗುಣಗಳು ಬಂದಿವೆ; ಜ್ಞಾನದ ಹೆಸರು ಅಲ್ಲಿಲ್ಲ. ವಾಗ್ಭಟನು ಅಷ್ಟಾಂಗಹೃದಯದ ಮೊದಲನೆಯ ಅಧ್ಯಾಯದಲ್ಲಿ ಅನುರಾಗ, ಶುಚಿತ್ವ, ದಕ್ಷತೆಗಳ ಜೊತೆಗೆ ಬುದ್ಧಿಯನ್ನು ಸೇರಿಸಿ, ವೈದ್ಯನ ಮಾತಿನ ಪ್ರಸ್ತಾಪವನ್ನೇ ಬಿಟ್ಟಿರುವನು. ಸುಶ್ರುತನದು ಶಸ್ತ್ರಚಿಕಿತ್ಸೆಯ ಸಂಪ್ರದಾಯವಾದುದರಿಂದ, ಶಸ್ತ್ರಕರ್ಮದ ಹೊತ್ತಿನಲ್ಲಿ ಎದುರುಮಾತಿಗೆ ಎಡೆಯಿಲ್ಲವೆಂಬ ಕಾರಣದಿಂದ ಈ ಭೇದವುಂಟಾಗಿರಬಹುದೆಂದು ಊಹಿಸಲು ಅವಕಾಶವಿದೆ. ಹೇಗಿದ್ದರೂ, ಪರಿಚಾರಕನು ಮಾತನ್ನು ಕೇಳತಕ್ಕವನೋ ವಿಷಯವನ್ನು ತಿಳಿದಿರತಕ್ಕವನೋ ಎಂಬ ಪ್ರಶ್ನೆಯು ಶಾಸ್ತ್ರದಲ್ಲಿಯೇ ಬೀಜರೂಪವಾಗಿ ಉಂಟು.

ಶಾಸ್ತ್ರದ ಈ ಪರಿಚಾರಕನು ಆಚರಣೆಯಲ್ಲಿ ಹೇಗಿದ್ದನೆಂಬುದಕ್ಕೆ ಶಾಸನದ ಆಧಾರವಿದೆ. ತಮಿಳುನಾಡಿನಲ್ಲಿ ಪಾಲಾರ್ ನದಿಯ ದಡದ ತಿರುಮುಕ್ಕೂಡಲಿನ ದೇವಾಲಯದಲ್ಲಿ ವೀರರಾಜೇಂದ್ರ ಚೋಳನ ಕಾಲದ, ಅಂದರೆ ಹನ್ನೊಂದನೆಯ ಶತಮಾನದ ಉತ್ತರಾರ್ಧದ, ಒಂದು ದೊಡ್ಡ ತಮಿಳು ಶಾಸನವಿದೆ. ಅಲ್ಲಿನ ಆತುರಶಾಲೆಯಲ್ಲಿ ೧೫ ಹಾಸಿಗೆಗಳು. ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ. ಮೂಲಿಕೆಗಳನ್ನು ತಂದು ಔಷಧಗಳನ್ನು ಸಿದ್ಧಪಡಿಸುವುದಕ್ಕೆ ಇಬ್ಬರು. ರೋಗಿಗಳಿಗೆ ಔಷಧವನ್ನು ಕೊಟ್ಟು ಅವರ ಆರೈಕೆಯನ್ನು ನೋಡಿಕೊಳ್ಳುವುದಕ್ಕೆ ಇಬ್ಬರು ಹೆಂಗಸರು. ಚರಕನು ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಔಷಧವನ್ನು ಅರೆಯುವವನನ್ನೂ ಪರಿಚಾರಕರ ಗುಂಪಿಗೇ ಸೇರಿಸಿದ್ದಾನೆ. ಇಲ್ಲಿಯಾದರೋ ಸಿದ್ಧಪಡಿಸುವ ಕೈ ಬೇರೆ, ಕೊಡುವ ಕೈ ಬೇರೆ. ಶಾಸನವು ಶೇಖರಿಸಿಡಬೇಕಾದ ಔಷಧಗಳ ಪಟ್ಟಿಯನ್ನೂ ಕೊಡುತ್ತದೆ. ಅದರಲ್ಲಿ ವಾಸಾಹರೀತಕೀ, ಗೋಮೂತ್ರಹರೀತಕೀ, ದಶಮೂಲಹರೀತಕೀ, ಭಲ್ಲಾತಕಹರೀತಕೀ ಎಂದು ಒಂದೇ ಪದದಿಂದ ಮುಗಿಯುವ ನಾಲ್ಕು ಹೆಸರುಗಳಿವೆ. ಭಲ್ಲಾತಕವೆಂದರೆ ಗೇರುಬೀಜದ ಜಾತಿಯ ತೀಕ್ಷ್ಣದ್ರವ್ಯ. ಅದರ ರಸವು ಸೋಕಿದರೆ ಮೈ ಬೊಕ್ಕೆಯೇಳುತ್ತದೆ. ಒಂದರ ಬದಲು ಮತ್ತೊಂದನ್ನು ಕೊಡದಂತೆ ಈ ನಾಲ್ಕನ್ನೂ ಬೇರ್ಪಡಿಸಿ ತಿಳಿಯಬೇಕಾದರೆ ಆ ಹೆಂಗಸರಿಗೆ ವಿಧೇಯತೆಯೊಂದೇ ಸಾಕಾಗುತ್ತಿರಲಿಲ್ಲ. ಹೆಸರುಗಳ ಸಾಮ್ಯದಿಂದಾಗುವ ಪ್ರಮಾದವು ಇಂದಿನ ಆಸ್ಪತ್ರೆಗಳಲ್ಲಿಯೂ ಪ್ರಸಿದ್ಧವಾದುದೇ.

ಇಂತಹ ಪ್ರಮಾದಗಳನ್ನು ಎಣಿಸಿ ನೋಡುವ ಪ್ರಯತ್ನವು ಆಧುನಿಕಕಾಲದ್ದು. ಅಮೆರಿಕದ ಫ್ಲಾರಿಡಾದಲ್ಲಿ ಬಾರ್ಕರ್, ಮೆಕ್‌ಕಾನೆಲ್ ಎಂಬುವರು ೧೯೬೨ರಲ್ಲಿ ಪ್ರಕಟಿಸಿದ ಪರಿಶೋಧನೆಗಾಗಿ ದಾದಿಯರು ಔಷಧ ಕೊಡುವುದನ್ನು ಪಕ್ಕದಲ್ಲಿದ್ದು ನೋಡಿದಾಗ, ವರದಿಗಳಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚಿನ ತಪ್ಪುಗಳು ಕಂಡುಬಂದುವು. ಕಣ್ಣಿಗೆ ಬೀಳದ ತಪ್ಪನ್ನು ತಿದ್ದುವ ಬಗೆಯಿಲ್ಲ.

ಆಜ್ಞಾಪಾಲನೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು ಹಾಫ್ಲಿಂಗ್ ಎಂಬ ಮನೋವೈದ್ಯನೂ ಅವನ ಸಂಗಡಿಗರೂ ೧೯೬೬ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪರೀಕ್ಷೆ. ಪರಿಚಯವಿಲ್ಲದ ಒಬ್ಬನು ವೈದ್ಯನೆಂದು ಹೇಳಿಕೊಂಡು, ರೋಗಿಯೊಬ್ಬನಿಗೆ ಒಂದು ಔಷಧವನ್ನು ೨೦ ಮಿಲಿಗ್ರಾಂ ಕೊಡುವಂತೆ ಟೆಲಿಫೋನಿನಲ್ಲಿ ದಾದಿಗೆ ಅಪ್ಪಣೆಮಾಡಿದನು. ಡಬ್ಬಿಯ ಚೀಟಿಯಲ್ಲಿ ೧೦ ಮಿಲಿಗ್ರಾಂ ಪರಮಾವಧಿಯೆಂದು ಬರೆದಿತ್ತು. ಟೆಲಿಫೋನಿನ ಅಪ್ಪಣೆಯಿಂದ ಔಷಧ ಕೊಡುವುದೂ ನಿಯಮಕ್ಕೆ ವಿರುದ್ಧವಾಗಿತ್ತು. ಆದರೂ ೨೨ ದಾದಿಯರಲ್ಲಿ ೨೧ ಮಂದಿ ಕೊಡಲು ಹೊರಟರು. ಅವರನ್ನು ನಡುವೆಯೇ ತಡೆಯಲಾಯಿತು; ಡಬ್ಬಿಯಲ್ಲಿದ್ದುದು ನಿರಪಾಯಕರವಾದ ಸಕ್ಕರೆಯೇ. ಇಂತಹ ಪ್ರಸಂಗದಲ್ಲಿ ಏನು ಮಾಡುವಿರೆಂದು ಬೇರೆ ೧೨ ಮಂದಿ ದಾದಿಯರನ್ನು ಕೇಳಿದ್ದಾಗ ೧೦ ಮಂದಿ ಕೊಡುವುದಿಲ್ಲವೆಂದಿದ್ದರು. ವಿಧೇಯತೆಯ ಅಭ್ಯಾಸವು ತಿಳಿವಳಿಕೆಯನ್ನು ಎಷ್ಟು ಸುಲಭವಾಗಿ ಮೀರಬಲ್ಲುದೆಂಬುದಕ್ಕೆ ಇದು ನಿದರ್ಶನ. ಆದರೆ ಇದನ್ನು ದಾದಿಯರ ಸ್ವಭಾವದೋಷವೆಂದು ಎಣಿಸಲಾಗದು. ರ‍್ಯಾಂಕ್, ಜೇಕಬ್‌ಸನ್ ಎಂಬುವರು ೧೯೭೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಔಷಧವು ದಾದಿಯರಿಗೆ ಪರಿಚಿತವಾಗಿತ್ತು, ಜೊತೆಯವರನ್ನು ವಿಚಾರಿಸುವುದಕ್ಕೂ ಅವಕಾಶವಿತ್ತು; ಆಗ ೧೮ ಮಂದಿಯಲ್ಲಿ ಇಬ್ಬರು ಮಾತ್ರವೇ ಅತಿಮಾತ್ರೆಯನ್ನು ಕೊಡಲು ಸಿದ್ಧರಾದರು. ಅರಿವೂ, ಕೇಳಿ ತಿಳಿಯುವ ಅವಕಾಶವೂ ಇದ್ದಲ್ಲಿ ಪ್ರಮಾದವು ಕೈಯಲ್ಲಿಯೇ ನಿಂತಿತು.

ಸುಶ್ರುತನ ‘ಬಳಲದಿರುವಿಕೆ’ಯೂ ಈ ದೃಷ್ಟಿಯಿಂದ ವಿಚಾರಾರ್ಹವಾದುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಔಷಧಪ್ರಮಾದಗಳ ನಿವಾರಣೆಗೆಂದು ಉದ್ಯಮವನ್ನು ಕೈಕೊಂಡಾಗ ಆಯಾಸ, ಸಿಬ್ಬಂದಿಯ ಕೊರತೆ ಮೊದಲಾದುವನ್ನು ಕಾರಣಗಳೊಳಗೆ ಎಣಿಸಿತು. ಶಾಸ್ತ್ರದಲ್ಲಿ ಪರಿಚಾರಕನ ಗುಣವಾಗಿ ಹೇಳಿದುದು ಇಲ್ಲಿ ಆಸ್ಪತ್ರೆಯ ವ್ಯವಸ್ಥೆಯ ಹೊಣೆಯಾಗಿ ಪರಿಣಮಿಸಿದೆ. ಎಂಥ ಅನುರಕ್ತಳಾದರೂ, ಅಳವಿಗೆ ಮೀರಿದಷ್ಟು ರೋಗಿಗಳನ್ನು ಒಬ್ಬಳೇ ನೋಡಬೇಕಾದವಳು ಬಳಲದೆ ಇರಲಾರಳು.

ಪ್ರಾಚೀನರು ಇಂದಿನ ಪರಿಶೋಧನೆಗಳನ್ನೆಲ್ಲ ಮೊದಲೇ ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸತಕ್ಕುದಿಲ್ಲ. ಹಾಗೆ ಹೇಳುವುದು ಶಾಸ್ತ್ರಕ್ಕೂ ಗೌರವವಲ್ಲ. ಸಿದ್ಧವಾಗುವುದಿಷ್ಟೆ: ವೈದ್ಯನ ಮಾತಿನಂತೆ ನಡೆಯುವಿಕೆಯನ್ನು ಚರಕನ ಉಪಚಾರಜ್ಞತೆಯಿಂದಲೂ ವಾಗ್ಭಟನ ಬುದ್ಧಿಯಿಂದಲೂ ಬೇರ್ಪಡಿಸಿ ಓದಕೂಡದು. ನಾಲ್ಕು ಪಾದಗಳಲ್ಲಿ ವೈದ್ಯನೇ ಪ್ರಧಾನನೆಂದು ಶಾಸ್ತ್ರವು ಒತ್ತಿಹೇಳುತ್ತದೆ. ಪ್ರಾಧಾನ್ಯವಿದ್ದಲ್ಲಿ ಹೊಣೆಯೂ ಉಂಟು. ತಪ್ಪಿದ ಔಷಧವು ಕೊನೆಗೆ ದಾಟುವುದು ದಾದಿಯ ಕೈಯನ್ನೇ ಆದುದರಿಂದ ತಪ್ಪೆಲ್ಲವೂ ಆ ಕೈಯದೇ ಎಂದು ತೋರುವುದು ಸಹಜ. ಆದರೆ ಆ ಕೈಯೇ ರೋಗಿಗೆ ಕೊನೆಯ ಕಾವಲೂ ಆಗಿದೆ. ‘ಈ ಮಾತ್ರೆ ಸರಿಯೇ?’ ಎಂದು ವೈದ್ಯನನ್ನು ನಿರ್ಭಯವಾಗಿ ಕೇಳಬಲ್ಲ ದಾದಿಯಲ್ಲಿ ಶುಶ್ರೂಷೆಯೂ ಉಪಚಾರವೂ ಒಂದಾಗುತ್ತವೆ.