ಅರವಟ್ಟಿಗೆಯ ಉಪ್ಪುಮಜ್ಜಿಗೆ

ಬಿಸಿಲಲ್ಲಿ ನಡೆದು ಬರುವವರಿಗೆ ನೀರು ಕೊಡುವ ಅರವಟ್ಟಿಗೆಗಳಿಗೆ ದತ್ತಿ ಬಿಟ್ಟ ಉಲ್ಲೇಖ ಕನ್ನಡ ನಾಡಿನ ಶಾಸನಗಳಲ್ಲಿದೆ. ಚಪ್ಪರದ ನೆರಳು, ಮಣ್ಣಿನ ಹರವಿ, ಬೆಲ್ಲದ ಪಾನಕ ಎಲ್ಲವೂ ಸರಿ. ಆದರೆ ಜಾಣತನ ಇರುವುದು ಶುಂಠಿ, ಕರಿಬೇವು ಜಜ್ಜಿ ಹಾಕಿ ಉಪ್ಪು ಬೆರೆಸಿದ ನೀರುಮಜ್ಜಿಗೆಯಲ್ಲಿ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಬೆವರು ಸುರಿಸಿ ಬರೀ ನೀರು ಕುಡಿದ ಕಾರ್ಮಿಕರ ಸ್ನಾಯು ಸೆಳೆತಕ್ಕೆ ಉಪ್ಪಿನ ಕೊರತೆಯೇ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದು 1920ರ ದಶಕದಲ್ಲಿ.

ನಾಲಿಗೆ ಒಣಗುವುದು, ತಲೆ ಸುತ್ತುವುದು, ಮೂತ್ರ ಕಡಿಮೆಯಾಗಿ ಕಡುಹಳದಿಗೆ ತಿರುಗುವುದು ನಿರ್ಜಲೀಕರಣದ ಗುರುತುಗಳು. ಅಂಥವರನ್ನು ನೆರಳಿಗೆ ಕರೆತಂದು ಮಜ್ಜಿಗೆಯನ್ನೋ ಓಆರ್‌ಎಸ್ ದ್ರಾವಣವನ್ನೋ ಗುಟುಕು ಗುಟುಕಾಗಿ ಕುಡಿಸಬೇಕು. ಮಾತು ತೊದಲಿ, ಎಚ್ಚರ ತಪ್ಪುತ್ತಿರುವವರ ವಿಷಯ ಬೇರೆ: ಬಾಯಿಗೆ ಏನೂ ಹಾಕದೆ, ಮೈಗೆ ತಣ್ಣೀರು ಸುರಿದು ಗಾಳಿ ಬೀಸುತ್ತ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.